ಕಾದಂಬರಿಯಲ್ಲಿಲ್ಲದ ಉಯ್ಯಾಲೆ

ಉಳವಿ ಕಡೆಯ ನಮ್ಮೂರಿನಿಂದ ಶಿಕಾರಿಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುವುದು ಆಗದ ಮಾತೆಂದು ಅಪ್ಪ ನನ್ನನ್ನು ಅಲ್ಲೇ ಇದ್ದ ಅತ್ತೆಯ ಮನೆಯಲ್ಲಿ ಬಿಟ್ಟರು. ಮಾವನದು ಅಕ್ಕಿ ಗಿರಣಿ, ದೊಡ್ಡ ಮನೆ. ಅತ್ತೆಯ ಮಗಳೂ ನಾನೂ ಬಿ.ಎ.ಯಲ್ಲಿ ಒಂದೇ ತರಗತಿ.

ಎರಡನೇ ವರ್ಷ ಹಳೆಯದೊಂದು ಇಂಗ್ಲಿಷ್ ಕಾದಂಬರಿ ನಮಗೆ ಪಠ್ಯವಾಗಿತ್ತು. ಆಸ್ತಿ, ಅಂತಸ್ತು, ಯಾರನ್ನು ಯಾರ ಮನೆಗೆ ಊಟಕ್ಕೆ ಕರೆಯಬಹುದು ಎನ್ನುವವರ ಕಥೆ. ಮೇಡಂ ನಮಗೆಲ್ಲ ಒಂದೊಂದು ಪಾತ್ರ ಹಂಚಿ, ಅದರ ಬಗ್ಗೆ ತರಗತಿಯ ಮುಂದೆ ನಿಂತು ಮಾತಾಡಬೇಕೆಂದರು. ಅತ್ತೆಯ ಮಗಳಿಗೆ ಬಂಗಲೆಯ ಯಜಮಾನಿ ಸಿಕ್ಕಳು. ನನಗೆ ಸಿಕ್ಕಿದ್ದು ಅದೇ ಬಂಗಲೆಯಲ್ಲಿ ಉಳಿದುಕೊಂಡಿದ್ದ ಬಡ ನೆಂಟರ ಹುಡುಗಿ. ಇಡೀ ಕಾದಂಬರಿಯಲ್ಲಿ ಅವಳ ಮಾತೇ ಕಡಿಮೆ.

ನನ್ನ ಸರದಿ ಬಂದಾಗ, ಬರೆದುಕೊಂಡಿದ್ದನ್ನು ನೋಡದೆ ಮಾತಾಡುತ್ತ ಹೋದೆ. ಯಜಮಾನ ತಮಾಷೆ ಹೇಳಿ ಮುಗಿಸುವ ಮೊದಲೇ ಇವಳು ನಗುತ್ತಾಳೆ ಎಂದೆ. ಎರಡನೇ ಸಲ ಬಡಿಸಲು ಬಂದರೆ ಹೊಟ್ಟೆ ತುಂಬಿತು ಅನ್ನುತ್ತಾಳೆ. ಮನೆಯಲ್ಲಿ ಯಾರೂ ಇಲ್ಲದಾಗಲೂ ಉಯ್ಯಾಲೆಯ ಮೇಲೆ ಕೂರುವುದಿಲ್ಲ.

ಮೇಡಂ ಪುಸ್ತಕ ತೆರೆದರು. "ಉಯ್ಯಾಲೆನಾ? ಯಾವ ಪುಟದಲ್ಲಿದೆಯಮ್ಮ?"

ಗಡಿಬಿಡಿಯಲ್ಲಿ ಪುಟ ತಿರುವಿದೆ. ಉಯ್ಯಾಲೆ ಇರಲಿಲ್ಲ. ನಾನು ಹೇಳಿದ ಯಾವುದೂ ಅಲ್ಲಿರಲಿಲ್ಲ.

"ಇಂಗ್ಲೆಂಡಲ್ಲೂ ಉಯ್ಯಾಲೆ ಕಟ್ತಿದ್ರಾ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ತರಗತಿಯೆಲ್ಲ ನಕ್ಕಿತು. ಅತ್ತೆಯ ಮಗಳು ಮಾತ್ರ ನಗಲಿಲ್ಲ. ಅವಳ ಮನೆಯ ನಡುಮನೆಯಲ್ಲಿ ಉಯ್ಯಾಲೆ ತೂಗುತ್ತಿದ್ದುದು ಅಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ತಲೆ ತಗ್ಗಿಸಿಕೊಂಡು ಬಂದು ಕೂತೆ. ಮೈಮೇಲಿದ್ದ ಅವಳ ಹಳೇ ಚೂಡಿದಾರ ಚುಚ್ಚುತ್ತಿದೆ ಅನ್ನಿಸಿತು.

ಸಂಜೆಯ ಹೊತ್ತಿಗೆ ವಿಷಯ ಅತ್ತೆಗೆ ಮುಟ್ಟಿತ್ತು.

"ನಿಂಗೆ ಈ ಉಯ್ಯಾಲೆ ಮೇಲೆ ಕೂರಬ್ಯಾಡ ಅಂತ ಯಾರಾದ್ರೂ ಅಂದಿದ್ರೇನೆ?"

"ಇಲ್ಲ ಅತ್ತೆ."

"ಬಡಿಸುವಾಗ ನಾನೇನಾದ್ರೂ ಕೈ ಬಿಗಿ ಹಿಡಿದಿದ್ನಾ?"

"ಇಲ್ಲ."

"ಮತ್ತೆ ಊರಿಗೆಲ್ಲ ಹಂಗ್ಯಾಕೆ ಹೇಳ್ದೆ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನಾನು ಹೇಳಿದ್ದರಲ್ಲೂ ಇರಲಿಲ್ಲ.

ಮುಂದಿನ ಸೆಮಿಸ್ಟರಿಗೆ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಓದಲು ಅನುಕೂಲ ಎಂದು ಅಪ್ಪನಿಗೆ ಹೇಳಿದೆ. ಹೊರಡುವ ದಿನ ಅತ್ತೆ ಅಡುಗೆಮನೆಯಿಂದ ಆಚೆ ಬರಲಿಲ್ಲ.

ಕೆಲವು ವಾರ ಕಳೆದ ಮೇಲೆ ಅತ್ತೆಯ ಮಗಳು ಮಧ್ಯಾಹ್ನ ನನ್ನ ಮುಂದೆ ಒಂದು ಡಬ್ಬಿ ಇಟ್ಟಳು. "ಅಮ್ಮ ಕೊಟ್ಟಿದ್ದು." ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಒಂದು ಚೂರೂ ಬಿಡದೆ ತಿಂದೆ.

"ಹೆಂಗಿತ್ತು ಅಂತ ಅಮ್ಮ ಕೇಳ್ತಾಳೆ. ಏನ್ ಹೇಳ್ಲಿ?"

"ಖಾರ ಸ್ವಲ್ಪ ಜಾಸ್ತಿ ಆಗಿತ್ತು ಅಂತ ಹೇಳು," ಎಂದೆ. ಆ ಮನೆಯ ಊಟದಲ್ಲಿ ನಾನು ಕೊರತೆ ಹೇಳಿದ್ದು ಅದೇ ಮೊದಲು.

ಅವಳು ನನ್ನನ್ನು ಒಮ್ಮೆ ನೋಡಿ, ನಕ್ಕು, ಡಬ್ಬಿ ತೆಗೆದುಕೊಂಡು ಹೋದಳು. ಖಾರ ಹದವಾಗಿಯೇ ಇತ್ತು. ಅದನ್ನು ಹೇಳಲು ಅವಳ ಹಿಂದೆ ಎದ್ದು ಹೋಗಬೇಕೆನ್ನಿಸಿತು. ಹೋಗಲಿಲ್ಲ.