ತಾತನ ವರ್ಧಂತಿಗೆ ಒಂದು ಬೆರಳು ಕಮ್ಮಿ

“ಬೆನ್ನು ನೆಟ್ಟಗೆ ಮಾಡಿ ತಾತ” ಎಂದೆ. ಗಾವಡಗೆರೆಯ ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ತಾತನ ತಲೆ, ಹೋದ ವರ್ಷ ಇದೇ ದಿನ ನಾನು ಎಳೆದಿದ್ದ ಪೆನ್ಸಿಲ್ ಗೆರೆಗಿಂತ ಒಂದು ಬೆರಳು ಕೆಳಗಿತ್ತು.

ಮಹಾರಾಜರ ಹುಟ್ಟುಹಬ್ಬಕ್ಕೆ ಹೇಳುತ್ತಿದ್ದ ‘ವರ್ಧಂತಿ’ ಎಂಬ ಪದವನ್ನು ತಾತ ಇವತ್ತಿನ ತಮ್ಮ ಮದುವೆಯ ವಾರ್ಷಿಕೋತ್ಸವಕ್ಕೂ ದಕ್ಕಿಸಿಕೊಂಡಿದ್ದಾರೆ. ಅದು ‘ಬೆಳೆಯುವುದು’ ಎಂಬರ್ಥದ ಸಂಸ್ಕೃತ ಮೂಲದಿಂದ ಬಂದದ್ದು ಎಂದು ನಾನು ನಿಘಂಟು ನೋಡಿ ಹೇಳಿದ್ದೇ ತಪ್ಪಾಯಿತು.

“ಬೆಳೀದೇ ಇರೋರ್ಗೆ ಎಂಥಾ ವರ್ಧಂತಿ? ಒಬ್ಬಟ್ಟಿಲ್ಲ ಬುಡಿ. ನಿಮ್ದು ಬೆಳ್ದಿರೋದು ನಾಲಿಗೆ ಒಂದೇಯ” ಎಂದು ಅಜ್ಜಿ ತಟ್ಟೆ ಎತ್ತಿಕೊಂಡರು.

ತಾತ ತಟ್ಟೆಯನ್ನೇ ನೋಡುತ್ತಾ, “ಅವಳ್ನೂ ನಿಲ್ಸಿ ಅಳ್ದು ನೋಡ್ಲಾ” ಎಂದರು. ಅಜ್ಜಿಯೂ ಹೋದ ವರ್ಷದ ತಮ್ಮ ಗೆರೆಗಿಂತ ಸರಿಯಾಗಿ ಒಂದು ಬೆರಳು ಇಳಿದಿದ್ದರು.

“ನೋಡ್ದೇನ್ಲಾ! ಮದ್ವೇಲೂ ನನ್ನ ಭುಜಕ್ಕೆ ಬತ್ತಿದ್ಲು, ಈಗ್ಲೂ ಅಲ್ಗೇಯ!” ಎಂದು ತಾತ ಗೆದ್ದವರಂತೆ ಕೈ ಚಾಚಿದರು. ಅಜ್ಜಿ ಒಬ್ಬಟ್ಟಿಗೆ ತುಪ್ಪ ಹಾಕಿಯೇ ಕೊಟ್ಟರು.

ವರ್ಷವರ್ಷದ ಅಳತೆ ಬರೆದಿಡುವ ನನ್ನ ಡೈರಿಯಲ್ಲಿ ಇಬ್ಬರ ಹೆಸರಿನ ಮುಂದೆಯೂ ‘ಇಳಿಕೆ’ ಎಂದು ಬರೆದೆ. ಇಬ್ಬರ ನಡುವಿನ ಅಂತರಕ್ಕೆ ಮಾತ್ರ ಹೋದ ವರ್ಷದ ಅಂಕಿಯನ್ನೇ ಮತ್ತೆ ಬರೆಯಬೇಕಾಯಿತು.