ನೀರು ಮುಟ್ಟಿಸದ ಎಂಟು ವಾರ

ಆಗ ನನಗೆ ಅರವತ್ತೇಳು. ಈಗ್ಗೆ ಐದು ವರ್ಷದ ಹಿಂದಿನ ಮಾತು. ವಯಸ್ಸು ಸರಿಯೋ ತಪ್ಪೋ, ಆಧಾರ್ ಕಾರ್ಡಿನಲ್ಲಿ ಇದ್ದದ್ದನ್ನು ಹೇಳುತ್ತಿದ್ದೇನೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಬರುತ್ತವೆ, ಒತ್ತು ದೀರ್ಘ ಅಷ್ಟಕ್ಕಷ್ಟೇ. ಆದರೆ ಕೂಸಿಗೆ ಎರೆಯುವುದು ಬರುತ್ತದೆ. ನಮ್ಮೂರು ತಾಂಬಾದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನನ್ನನ್ನೇ ಕರೆಯುತ್ತಿದ್ದರು. ಎಣ್ಣೆ ತಿಕ್ಕಿ, ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಹಾಕಿಕೊಂಡು ಬಿಸಿನೀರು ಹೊಯ್ಯುತ್ತಿದ್ದೆ. ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಕೊಡುತ್ತಿದ್ದೆ. ಕಡೆಗೆ ಎರಡೂ ಕಾಲು ನೆಟ್ಟಗೆ ಜೋಡಿಸಿ ಬಟ್ಟೆಯಲ್ಲಿ ಬಿಗಿದು ಕಟ್ಟಿ ಮಲಗಿಸುತ್ತಿದ್ದೆ. ಬಿಗಿದು ಕಟ್ಟಿದರೆ ಕಾಲು ಸೊಟ್ಟ ಆಗುವುದಿಲ್ಲ ಎಂದು ನನ್ನ ಅತ್ತೆ ಕಲಿಸಿದ್ದಳು. ನನ್ನ ಮೊಮ್ಮಗಳನ್ನೂ ಹಾಗೆಯೇ ಕಟ್ಟಿದೆ.

ಮೊಮ್ಮಗಳು ತಡವಾಗಿ ನಡೆದಳು. ನಡೆದರೂ ಕುಂಟುತ್ತಿದ್ದಳು. ಎರಡೂವರೆ ವರ್ಷವಾದರೂ ಕುಂಟು ಹೋಗದಿದ್ದಾಗ ಮಗ, ಸೊಸೆ, ನಾನು ಮೂವರೂ ಆಕೆಯನ್ನು ವಿಜಾಪುರಕ್ಕೆ ಕರೆದೊಯ್ದೆವು. ಡಾಕ್ಟರು ಎಕ್ಸ್-ರೇ ನೋಡಿ, ತೊಡೆಯ ಎಲುಬು ಸೊಂಟದ ಕೀಲಿನಲ್ಲಿ ಕೂತೇ ಇಲ್ಲ ಎಂದರು. ಆಮೇಲೆ ಕೇಳಿದರು.

"ಸಣ್ಣಾಕಿ ಇದ್ದಾಗ ಕಾಲು ಜೋಡಿಸಿ ಕಟ್ತಿದ್ರೇನ್ರಿ?"

ಸೊಸೆ ನನ್ನ ಕಡೆ ನೋಡಿದಳು.

"ಹೌದ್ರಿ. ಕಟ್ಟಿದಾಕಿ ನಾನ ರೀ," ಎಂದೆ.

"ನಿಮ್ಮಿಂದನ ಆತು ಅಂತ ಹೇಳಾಕ ಬರಂಗಿಲ್ರಿ ಆಯಿ. ಹುಟ್ಟಿದಾಗಿಂದನ ಕೀಲು ಸಡ್ಲ ಇದ್ದಿರಬೇಕು. ಆದ್ರ ಅಂಥ ಕೂಸಿನ ಕಾಲು ಹಂಗ ಕಟ್ಟಿದ್ರ ಕೀಲು ಕೂಡಂಗಿಲ್ಲ. ಕಪ್ಪಿ ಕಾಲಿನಂಗ ಅಗಲ ಬಿಡಬೇಕು."

ಮನೆಗೆ ಬರುವವರೆಗೂ ಸೊಸೆ ಕೂಸನ್ನು ನನ್ನ ಕೈಗೆ ಕೊಡಲಿಲ್ಲ.

ಆಪರೇಶನ್ ಆಯಿತು. ಕೂಸನ್ನು ಹೊರಗೆ ತಂದಾಗ ಎದೆಯ ಕೆಳಗಿನಿಂದ ಎರಡೂ ಕಾಲಿನ ಗಿಣ್ಣಿನ ತನಕ ಬಿಳಿ ಪ್ಲಾಸ್ಟರ್. ಕಾಲುಗಳು ಅಗಲವಾಗಿದ್ದವು, ನಡುವೆ ಒಂದು ಅಡ್ಡಕೋಲು. ಉಚ್ಚೆ ಹೇಲಿಗೆ ಎಂದು ಕೆಳಗೆ ಅಂಗೈಯಗಲ ಬಿಟ್ಟಿದ್ದರು, ಅಷ್ಟೇ. ನರ್ಸ್ ಬಾಯಿ ನನ್ನನ್ನು ಕೂರಿಸಿಕೊಂಡು ಹೇಳಿದಳು.

"ಎಂಟು ವಾರ ರೀ ಆಯಿ. ನೀರು ತಾಗಬಾರದು, ಉಚ್ಚಿ ಒಳಗ ಇಳೀಬಾರದು. ಪ್ಲಾಸ್ಟರ್ ತೊಯ್ದು ಮೆತ್ತಗಾತಂದ್ರ ಒಡದು ಮತ್ತ ಮಂಪರು ಕೊಟ್ಟು ಹಾಕಬೇಕಾಗ್ತೈತಿ. ಅದರಾಗ ಕೀಲು ಜಾರ್ತಂದ್ರ ಮತ್ತ ಆಪರೇಶನ್."

ಗೌಂಡಿ ಕೆಲಸದ ನನ್ನ ಮಗ ಪ್ಲಾಸ್ಟರನ್ನು ಬೆರಳಿನಿಂದ ಬಡಿದು ನೋಡಿದ.

"ಯವ್ವಾ, ನಾ ಕಟ್ಟಿದ ಗ್ವಾಡಿಗೆ ನೀರು ಹೊಡೀಲಿಲ್ಲಂದ್ರ ಕೆಡ್ತೈತಿ. ಇದಕ್ಕ ಹೊಡದ್ರ ಕೆಡ್ತೈತಿ ನೋಡು."

"ನಿನ್ನ ಗ್ವಾಡಿ ಉಚ್ಚಿ ಹೊಯ್ಯಂಗಿಲ್ಲಲೇ," ಎಂದೆ.

ಸೊಸೆ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಬೆಳಿಗ್ಗೆ ಹೋದರೆ ಮಧ್ಯಾಹ್ನ ಮೂರಕ್ಕೆ ಬರುವಳು. ಹಗಲೆಲ್ಲ ಕೂಸು ನನ್ನ ಕೈಯಲ್ಲಿ. ಎಣ್ಣೆ ನೀರಿನಲ್ಲೇ ಮುದುಕಿಯಾದ ಈ ಕೈಗೆ ಎಂಟು ವಾರ ಎಣ್ಣೆಯೂ ಇಲ್ಲ, ನೀರೂ ಇಲ್ಲ.

ಮೊದಲ ವಾರ ನನಗೆ ಏನೂ ನೀಗಲಿಲ್ಲ. ಹಳೆಯ ಧೋತರ ಹರಿದು ಕೆಳಗೆ ಕಟ್ಟಿದೆ. ಧೋತರ ಉಚ್ಚೆಯನ್ನು ಹೀರಿ ಪ್ಲಾಸ್ಟರಿನ ಅಂಚಿಗೇ ಒರೆಸಿತು. ಅಂಚು ಹಳದಿಯಾಗಿ ವಾಸನೆ ಹಿಡಿಯಿತು. ಒಂಬತ್ತನೆಯ ದಿನ ನಾನು ನನಗೆ ಗೊತ್ತಿದ್ದದ್ದನ್ನು ಮಾಡಿದೆ. ನಮ್ಮಲ್ಲಿ ಬಾಣಂತಿ ಮತ್ತು ಕೂಸನ್ನು ನುಲಿಯ ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡ ಇಡುತ್ತಾರೆ. ಹಸಿ ಆರುತ್ತದೆ, ನಾತ ಹೋಗುತ್ತದೆ. ಅದೇ ಹೊರಸನ್ನು ಅಟ್ಟದಿಂದ ಇಳಿಸಿ, ಕೂಸನ್ನು ಮಲಗಿಸಿ, ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ ತುಂಬಿ ಇಟ್ಟು, ಲೋಬಾನ ಹಾಕಿದೆ. ಮನೆಯೆಲ್ಲ ಘಮ ಘಮ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ರೊಟ್ಟಿ ಬಡಿಯಲು ಕೂತೆ.

ಎರಡನೆಯ ರೊಟ್ಟಿ ಬಡಿಯುವಾಗ ಕೂಸು ಚೀರಿತು. ಓಡಿ ಹೋಗಿ ಮುಟ್ಟಿದರೆ ಪ್ಲಾಸ್ಟರ್ ಹಂಚಿನ ಹಾಗೆ ಬಿಸಿ. ಮುಖವೆಲ್ಲ ಬೆವರು. ಕೆಂಡ ಎಳೆದು ಹೊರಗೆ ಚೆಲ್ಲಿದೆ. ಪ್ಲಾಸ್ಟರ್ ಆರಲು ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಬೀಸಣಿಗೆಯಿಂದ ಗಾಳಿ ಹಾಕುತ್ತಾ ನಿಂತೆ.

ಅವತ್ತೇ ಗಾಡಿ ಮಾಡಿಕೊಂಡು ಮತ್ತೆ ವಿಜಾಪುರಕ್ಕೆ ಹೋದೆವು. ಬೆನ್ನಿನ ಕಡೆ ಅಂಚಿನಲ್ಲಿ ಚರ್ಮ ಕೆಂಪಾಗಿತ್ತು, ಬೊಬ್ಬೆ ಎದ್ದಿರಲಿಲ್ಲ. ಪ್ಲಾಸ್ಟರ್ ಇನ್ನೂ ಗಟ್ಟಿ ಇತ್ತು. ಡಾಕ್ಟರು ನನ್ನನ್ನು ಬಿಡಲಿಲ್ಲ.

"ಬಾಗಲಾ ಇಲ್ಲದ ಮನ್ಯಾಗ ಕೂಸು ಇಟ್ಟು ಒಲಿ ಹಚ್ಚಿದಂಗ ಆತಲ್ಲ ಆಯಿ! ಒಳಗ ಸುಟ್ರ ಹೊರಗ ಕಾಣ್ತಿತ್ತೇನು?"

ನಾನು ಬಗ್ಗಿ ಆ ಕೆಂಪನ್ನು ಮತ್ತೆ ನೋಡಿದೆ.

ಮನೆಗೆ ಬಂದ ಮೇಲೆ ಸೊಸೆ ಬಾಯಿ ಬಿಟ್ಟಳು.

"ಅತ್ತಿ, ಕಾಲು ಕಟ್ಟಿದವರು ನೀವು. ಈಗ ಕೆಂಡದ ಮ್ಯಾಲ ಮಲಗಿಸಿದವರೂ ನೀವು. ನಾ ಕೂಸಿನ್ನ ತಾಳಿಕೋಟಿಗೆ ನಮ್ಮವ್ವನ ಕಡೆ ಒಯ್ತೇನಿ."

ತಾಳಿಕೋಟೆ ಆಕೆಯ ತವರು. ಅಲ್ಲಿ ಆಕೆಯ ತಾಯಿ ಇದ್ದಾಳೆ, ಕೈಗೆ ನಡುಕ ಬಂದವಳು.

"ನಿಮ್ಮವ್ವ ಚಾದ ಕಪ್ಪ ಚೆಲ್ಲತಾಳ. ಆಕಿ ಕೂಸಿನ್ನ ಹ್ಯಾಂಗ ಮಗ್ಗಲ ಹೊಳ್ಳಸ್ತಾಳ? ದಾರ್ಯಾಗ ಬಸ್ಸು ಕುಲುಕಿದ್ರ ಕೀಲು ಉಳೀತೈತೇನು? ಎಂಟು ದಿನ ಕೊಡು ನನಗ. ಪ್ಲಾಸ್ಟರಿಗೆ ಒಂದು ಹನಿ ತಾಗಿದ್ರ ನಾನ ಗಾಡಿ ಮಾಡಿಸಿ ಕಳಸ್ತೇನಿ."

"ಎಂಟು ದಿನ," ಎಂದಳು. ಆದರೂ ಕೂಸಿನ ಅಂಗಿಗಳನ್ನು ಚೀಲಕ್ಕೆ ತುಂಬಿ ಕಟ್ಟಿಟ್ಟಳು.

ಮರುದಿನ, ಕೂಸನ್ನು ಹೇಗೆ ನೋಡಿಕೊಳ್ಳಬೇಕೆಂದು ನರ್ಸ್ ಬಾಯಿ ಬರೆದುಕೊಟ್ಟಿದ್ದ ಚೀಟಿಯನ್ನು ಸೊಸೆಯಿಂದ ಎರಡು ಸಲ ಓದಿಸಿ ಕೇಳಿದೆ. ಆಮೇಲೆ ಕುಡಗೋಲು ತಗೊಂಡು ಹೊರಸಿನ ನಡುವೆ ನುಲಿ ಕೊಯ್ದೆ. ನನ್ನ ಗಂಡ ಹೆಣೆದ ಹೊರಸು ಅದು. ನಾನು ಬಾಣಂತಿಯಾಗಿ ಮಲಗಿದ್ದೂ ಅದರ ಮೇಲೆಯೇ. ಮಗ ನೋಡಿ "ಯವ್ವಾ, ಅಪ್ಪನ ಹೊರಸು!" ಎಂದ. "ಅಪ್ಪ ಈಗ ಮಲಗಾಕ ಬರ್ತಾನೇನು?" ಎಂದೆ. ಕೊಯ್ದ ತುದಿಗಳನ್ನು ಸುತ್ತಲೂ ಗಂಟು ಹಾಕಿ ಬಿಗಿ ಮಾಡಿ, ಮೇಲೆ ಕೌದಿ ಹಾಸಿ, ಕೌದಿಯಲ್ಲೂ ಅದೇ ಜಾಗ ಕತ್ತರಿಸಿದೆ. ಆ ಸಂದಿಯ ಕೆಳಗೆ ಒಂದು ತಗಡಿನ ಬುಟ್ಟಿ. ತಲೆಯ ಕಡೆಯ ಕಾಲುಗಳ ಕೆಳಗೆ ಮಗ ಎರಡೆರಡು ಇಟ್ಟಂಗಿ ಇಟ್ಟ. ತಲೆ ಎತ್ತರವಾಯಿತು, ಉಚ್ಚೆ ಬೆನ್ನಿನ ಕಡೆ ಹೋಗದೆ ಕೆಳಗೇ ಇಳಿಯಿತು.

ಪ್ಲಾಸ್ಟರಿನ ಅಂಚಿಗೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಮಡಚಿ ಒಳಗೆ ಸ್ವಲ್ಪ ತೂರಿಸಿ ಮೇಲೆ ಟೇಪ್ ಹಚ್ಚಿದೆ. ಹೊರಸಿನ ಸಂದಿಯಿಂದ ಕೂಸನ್ನು ಎತ್ತಿದಾಗ ಸಣ್ಣ ಡೈಪರ್ ಒಂದನ್ನು ಅಂಚಿನ ಒಳಗೆ ತುರುಕುವುದು, ಅದರ ಮೇಲೆ ದೊಡ್ಡದನ್ನು ಪ್ಲಾಸ್ಟರಿನ ಸುತ್ತ ಕಟ್ಟುವುದು. ಧೋತರ ಬಿಟ್ಟೆ. ಹಿಂಡಿದ ಅರಿವೆಯಿಂದ ಮುಖ, ಕುತ್ತಿಗೆ, ಕಂಕುಳ, ಕಾಲಬೆರಳು ಒರೆಸುವುದು, ಕೂಡಲೇ ಒಣ ಅರಿವೆ. ಪೌಡರ್ ಇಲ್ಲ, ಒಳಗೆ ಕಡ್ಡಿ ಹಾಕಿ ತುರಿಸುವುದಿಲ್ಲ. ತುರಿಕೆ ಎಂದು ಅತ್ತರೆ ಮೇಲಿನಿಂದ ಬೆರಳಲ್ಲಿ ತಟ್ಟಿ ಬೀಸಣಿಗೆ ಬೀಸುತ್ತಿದ್ದೆ. ಬೆಳಿಗ್ಗೆ ಮೊದಲ ಕೆಲಸ, ನಾಲ್ಕೂ ಅಂಚಿಗೆ ಮೂಗು ಹಚ್ಚಿ ಮೂಸುವುದು. ಕಾಲಬೆರಳು ಒತ್ತಿ, ಬಿಳಿಚಿದ್ದು ಮತ್ತೆ ಕೆಂಪಾಗುತ್ತದೋ ಎಂದು ನೋಡುವುದು.

ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸಬೇಕು ಎಂದಿದ್ದರು. ಗಡಿಯಾರ ನೋಡುವುದು ನನಗೆ ಆಗುವುದಿಲ್ಲ. ನಮ್ಮ ಮನೆ ರಸ್ತೆಯ ಬದಿಗೆ. ಸಿಂದಗಿ ಬಸ್ಸು ಹೋದರೆ ಬೋರಲು, ಇಂಡಿ ಬಸ್ಸು ಬಂದರೆ ಅಂಗಾತ, ಹಾಗೆ ಗೊತ್ತು ಮಾಡಿಕೊಂಡೆ. ಬೋರಲು ಹಾಕಿದಾಗ ಎದೆಯ ಕೆಳಗೆ ಕೌದಿಯ ಮಡಿಕೆ ಇಟ್ಟರೆ ಕೂಸು ಕೈ ಮುಂದೆ ಚಾಚಿ ನಿಂಬೆಹಣ್ಣು ಉರುಳಿಸುತ್ತಾ ಆಡುತ್ತಿತ್ತು. ಅದಕ್ಕೂ ಬುದ್ಧಿ ಬಂತು. ಬೇಜಾರಾದರೆ ಬಸ್ಸು ಬರುವ ಮೊದಲೇ ಬಾಯಲ್ಲಿ "ಪೋಂ ಪೋಂ" ಎನ್ನುತ್ತಿತ್ತು.

"ಆಯಿ, ಬತ್ತು ಬಂತು!"

"ಯಾವ ಊರಿಂದು?"

"ನಂದು!"

ಹೊರಳಿಸುತ್ತಿದ್ದೆ. ಆಕೆಯ ಬಸ್ಸಿಗೂ ಬೆಲೆ ಕೊಡಬೇಕಲ್ಲ.

ಎಂಟು ದಿನವಾಯಿತು. ಸೊಸೆ ಶಾಲೆಯಿಂದ ಬಂದು ಕೈ ತೊಳೆದು ಅಂಚಿನಲ್ಲಿ ಬೆರಳು ಆಡಿಸಿದಳು, ಬಗ್ಗಿ ಮೂಸಿದಳು. ತಾಳಿಕೋಟೆಗೆ ಎಂದು ಕಟ್ಟಿಟ್ಟ ಚೀಲದಿಂದ ಕೂಸಿನ ಅಂಗಿ ತೆಗೆದು ಗೂಟಕ್ಕೆ ಹಾಕಿದಳು.

ನೋಡಲು ಬಂದವರದೇ ಕಾಟ. ಒಬ್ಬಳು "ಅಯ್ಯ ನಮ್ಮವ್ವ" ಎನ್ನುತ್ತಾ ಅಡ್ಡಕೋಲು ಹಿಡಿದೇ ಕೂಸನ್ನು ಎತ್ತಲು ಹೋದಳು. ಅದನ್ನು ಹಿಡಿದು ಎತ್ತಿದರೆ ಪ್ಲಾಸ್ಟರ್ ಬಿರಿಯುತ್ತದೆ. ಆಕೆಯ ಕೈಗೆ ಪಟ್ಟನೆ ಹೊಡೆದೆ. "ಬಕೀಟು ಅಲ್ಲ ಅದು, ಹಿಡಿ ಹಿಡದು ಎತ್ತಾಕ!" ಆಕೆ ಸಿಟ್ಟಾಗಿ ಹೋದಳು, ಹೋಗಲಿ. ಇನ್ನೊಬ್ಬಳು ಕೂಸಿಗೆ ತಿನ್ನಲು ಒಂದು ಹಿಡಿ ಹುರಿದ ಪುಟಾಣಿ ಕಡಲೆ ಕೊಟ್ಟು ಹೋದಳು. ಐದನೆಯ ವಾರ, ಬೆಳಿಗ್ಗೆ ಮೂಸುವಾಗ ಎದೆಯ ಕಡೆ ಹುಳಿ ವಾಸನೆ. ಸೊಸೆಯ ಮುಖ ಕಪ್ಪಾಯಿತು. ನಾನು, ಮಗ ಸೇರಿ ಕೂಸನ್ನು ಬೋರಲು ಹಿಡಿದು ತಲೆಯ ಕಡೆ ತಗ್ಗಿಸಿ ಮೆಲ್ಲಗೆ ತಟ್ಟಿದೆವು. ಮೆತ್ತಗಾದ ಮೂರು ಪುಟಾಣಿ ಬಿದ್ದವು.

"ಯಾಕ ಹಾಕ್ದಿ?" ಎಂದು ಕೇಳಿದೆ.

"ಹೊಟ್ಟಿಗೆ," ಎಂದಿತು.

ಅವತ್ತಿನಿಂದ ತಿನ್ನುವಾಗ ಕೊರಳಿಗೆ ಟವೆಲ್ ಕಟ್ಟಿದೆ.

ತಲೆಗೆ ಮಾತ್ರ ನೀರು ಹಾಕಿದೆ. ಅದನ್ನು ಬಿಟ್ಟಿರಲು ನನ್ನಿಂದ ಆಗಲಿಲ್ಲ. ಕುತ್ತಿಗೆಯ ಸುತ್ತ ಒಣ ಟವೆಲ್, ಅದರ ಮೇಲೆ ಪ್ಲಾಸ್ಟಿಕ್, ತಲೆ ಹೊರಸಿನ ಅಂಚಿನಾಚೆ ನನ್ನ ಅಂಗೈಯಲ್ಲಿ, ಕೆಳಗೆ ಬಕೀಟು. ಸೊಸೆ ಸಣ್ಣ ತಂಬಿಗೆಯಿಂದ ಹೊಯ್ದಳು. ಪ್ಲಾಸ್ಟರಿಗೆ ಹನಿ ಬೀಳಲಿಲ್ಲ.

ಏಳನೆಯ ವಾರ ಹಿಂದಿನ ಓಣಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅದರ ಅಜ್ಜಿ ನನ್ನ ಓರಗೆಯವಳು. ಕರೆಯಲು ಬಂದಳು.

"ಬಾರ ಯಕ್ಕಾ. ನಮ್ಮ ಮನ್ಯಾಗ ಎಲ್ಲಾ ಕೂಸಿಗೂ ನೀನ ಎರದಿ."

"ಇದರ ಪ್ಲಾಸ್ಟರ್ ಬಿಚ್ಚಲಿ. ಬಿಚ್ಚಿದ ಮರುದಿನ ಬರ್ತೇನಿ. ಅಲ್ಲೀತನಕ ನೀನ ನೀರು ಹಾಕು. ಕಾಲು ಮಾತ್ರ ಕಟ್ಟಬ್ಯಾಡ."

"ಕಟ್ಟಬ್ಯಾಡ? ನೀನ ಕಲಿಸಿದಾಕಿ!"

"ತಪ್ಪು ಕಲಿಸೇನಿ."

ಆಕೆ ನಗೆಯಾಡಿ ಹೋದಳು. ನಾನು ಚೇಷ್ಟೆ ಮಾಡಿದೆ ಎಂದುಕೊಂಡಳೋ ಏನೋ.

ಎಂಟು ವಾರ ತುಂಬಿದ ದಿನ ವಿಜಾಪುರದಲ್ಲಿ ಗರಗಸದ ಮಶೀನಿನಿಂದ ಪ್ಲಾಸ್ಟರ್ ಕೊಯ್ದರು. ಕೂಸು ಅದರ ಸಪ್ಪಳಕ್ಕೆ ಹೆದರಿ ನನ್ನ ಕೈ ಕಚ್ಚಿತು. ಪ್ಲಾಸ್ಟರ್ ಎರಡು ಹೋಳಾಯಿತು. ಕಾಲು ಕಡ್ಡಿಯಂತೆ, ಚರ್ಮ ಬೆಳ್ಳುಳ್ಳಿ ಸಿಪ್ಪೆಯಂತೆ ಎದ್ದಿತ್ತು. ಡಾಕ್ಟರು ಬೋರಲು ಹಾಕಿ ಬೆನ್ನು, ಕುಂಡಿ, ತೊಡೆಯ ಸಂದಿ ಎಲ್ಲ ನೋಡಿದರು. ಕೆಂಡದ ದಿನದ ಕೆಂಪು ಇದ್ದಲ್ಲಿ ಈಗ ಹಣೆಯ ಟಿಕಳಿಯಷ್ಟು ಕಂದು ಗುರುತು.

"ಗಾಯ ಎಲ್ಲೂ ಇಲ್ಲ," ಎಂದು ಎಕ್ಸ್-ರೇ ಬೆಳಕಿಗೆ ಹಿಡಿದರು. "ಕೀಲು ಕೂತೈತಿ. ಇನ್ನ ಒಂದಿಷ್ಟು ದಿನ ಕಾಲು ಅಗಲ ಇಡೂ ಪಟ್ಟಾ ಹಾಕಬೇಕು. ನಾಳಿಂದ ಉಗುರು ಬೆಚ್ಚಗಿನ ನೀರು ಹಾಕ್ರಿ. ತಿಕ್ಕಬ್ಯಾಡ್ರಿ ಆಯಿ, ಎಳೀಬ್ಯಾಡ್ರಿ."

"ಯಾರು ಹಾಕ್ಬೇಕ್ರಿ?" ಎಂದು ನಾನು ಕೇಳಿದ್ದು ಡಾಕ್ಟರನ್ನು. ಉತ್ತರ ಕೊಟ್ಟವಳು ಸೊಸೆ.

"ಮತ್ಯಾರು? ನೀವ ರೀ ಅತ್ತಿ."

ಮರುದಿನ ಬೆಳಿಗ್ಗೆ ಹಂಡೆಗೆ ಉರಿ ಹಚ್ಚಿದೆ. ಬಚ್ಚಲಲ್ಲಿ ಕಾಲು ಚಾಚಿ ಕೂತೆ. ಮೊದಲಿನ ಹಾಗೆ ಕಾಲು ಜೋಡಿಸಲಿಲ್ಲ, ಕೂಸಿನ ಒಂದು ಕಾಲು ಅತ್ತ, ಒಂದು ಕಾಲು ಇತ್ತ ಬಿಟ್ಟು ಕೂರಿಸಿಕೊಂಡೆ. ಎಣ್ಣೆ ಹಚ್ಚಲಿಲ್ಲ, ತಿಕ್ಕಲಿಲ್ಲ. ಮೂರು ಚರಗಿ ನೀರು ಸುಮ್ಮನೆ ಹೊಯ್ದೆ. ಸಿಪ್ಪೆ ತಾನೇ ಹೋಯಿತು. ಕೂಸನ್ನು ಸೊಸೆಯ ಕೈಗೆ ಕೊಟ್ಟು, ಹಸಿ ಸೀರೆಯಲ್ಲೇ ಹಿಂದಿನ ಓಣಿಗೆ ಹೋದೆ.

ಅಲ್ಲಿ ಹತ್ತು ದಿನದ ಕೂಸು ನನ್ನ ಕೈಗೆ ಬಂದಾಗ ಬಟ್ಟೆಯಲ್ಲಿ ಕೋಲಿನ ಹಾಗೆ ನೆಟ್ಟಗೆ ಕಟ್ಟಿದ್ದರು. ಎರೆದೆ, ಒರೆಸಿದೆ. ಅಜ್ಜಿ ಕಟ್ಟುವ ಬಟ್ಟೆ ಮುಂದೆ ಹಿಡಿದಳು.

"ಬಿಗಿ ಕಟ್ಟ ಯಕ್ಕಾ. ಕಾಲು ಸೊಟ್ಟ ಆದ್ರ ಓಣ್ಯಾಗೆಲ್ಲಾ ನಿನ್ನ ಹೆಸರ ಹೇಳ್ತೇನಿ."

"ಹೇಳು," ಎಂದೆ.

ಬಟ್ಟೆ ಇಸಗೊಂಡು ಅರ್ಧ ಹರಿದು, ಎದೆಯ ತನಕ ಮಾತ್ರ ಸುತ್ತಿದೆ. ಕೆಳಗೆ ಕಾಲು ಅಗಲ ಬಿಟ್ಟು ಮಲಗಿಸಿದೆ. ಮಿಕ್ಕ ಬಟ್ಟೆಯನ್ನು ಆಕೆಯ ಕೈಗೆ ಕೊಡದೆ ನನ್ನ ಹೆಗಲಿಗೆ ಹಾಕಿಕೊಂಡು, ಕೂಸು ನಿದ್ದೆ ಹೋಗುವವರೆಗೆ ಅಲ್ಲೇ ಕೂತೆ.