ಸರ್ ಮುರಿದು ನೋಡಿದ ಬೆಸುಗೆ

ಸರ್ ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ಅಲ್ಯೂಮಿನಿಯಂ ಬೆಸುಗೆಯ ಗೆರೆಯ ಮೇಲೆ ಅದನ್ನು ಎಳೆಯುತ್ತ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ, ಎಷ್ಟೇ ಚೆಂದ ಕಂಡರೂ, ಆ ತುಂಡನ್ನು ಬಗ್ಗಿಸಿ ಮುರಿಯಲು ನೋಡುತ್ತಿದ್ದರು. ಮಾಡಿದ್ದನ್ನು ಮುರಿಯುವುದೇ ಇವರ ಕಸುಬೇನೋ ಎಂದು ನಾವು ನಗುತ್ತಿದ್ದೆವು.

ರಾಣೆಬೆನ್ನೂರಿನ ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟಿಗೆ ಅವರೇ ಗೈಡ್. ಬ್ಯಾಡಗಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಮೆಣಸಿನಕಾಯಿ ಸುಗ್ಗಿಯಲ್ಲಿ ಪಾಠಕ್ಕಿಂತ ಸೀನೇ ಹೆಚ್ಚು. ಹಳೆಯ ಮಿಲ್ಲಿಂಗ್ ಯಂತ್ರಕ್ಕೆ ತಾವೇ ಕಡೆದ ಉಕ್ಕಿನ ಮೊನೆ ಕೂಡಿಸಿದ್ದರು. ಅದು ಗರಗರ ತಿರುಗುತ್ತ ಎರಡು ತಗಡುಗಳ ಸಂದಿಯಲ್ಲಿ ಸಾಗಿದರೆ ಲೋಹ ಕರಗದೆ, ಮೆತ್ತಗಾಗಿ ಕಲೆತುಕೊಳ್ಳುತ್ತಿತ್ತು. ಎಷ್ಟು ವೇಗದಲ್ಲಿ ಸಾಗಿದರೆ ಬೆಸುಗೆ ಗಟ್ಟಿ ಎನ್ನುವುದೇ ಅವರ ಪಿಎಚ್‌ಡಿ.

“ಹಿಟ್ಟು ನಾದಿದಂಗ ನೋಡು ತಂಗಿ. ಅವಸರ ಮಾಡಿದ್ರ ಒಳಗ ಪೊಳ್ಳು ಉಳಿತೈತಿ. ಭಾಳ ತಡಾ ಮಾಡಿದ್ರ ಕಾವು ಹೆಚ್ಚಾಗಿ ಸತ್ವಾನ ಹೋಗತೈತಿ.”

ಪ್ರಬಂಧ ಒಪ್ಪಿಸುವ ಗಡುವು ಹತ್ತಿರವಿತ್ತು. ಡಾಕ್ಟರೇಟ್ ಬಂದರಷ್ಟೇ ನೌಕರಿ ಕಾಯಂ. ವೇಗ ಹೆಚ್ಚಿಸಿದರೂ ಬೆಸುಗೆ ಗಟ್ಟಿಯಿರುತ್ತದೆ ಎಂದು ಅವರು ಬರೆದಾಗಿತ್ತು. ಒಂದು ಮಧ್ಯಾಹ್ನ ಅದೇ ವೇಗದಲ್ಲಿ ಮತ್ತೆ ಬೆಸೆದ ತುಂಡುಗಳು ಪಟಪಟನೆ ಮುರಿದವು. ಮೇಲೆ ಒಳ್ಳೆಯ ನುಣುಪು, ಒಳಗೆ ಉದ್ದಕ್ಕೂ ಇರುವೆ ನುಗ್ಗುವಷ್ಟು ಬಿಲ.

“ಇವನ್ನ ಬಿಟ್ಟು ಮೊದಲಿನವನ್ನಷ್ಟ ತೋರಸ್ರಿ. ಯಾರ್ ನೋಡ್ಯಾರ?” ಎಂದರು ವಿಭಾಗದ ಮುಖ್ಯಸ್ಥರು.

ಸರ್ ಮುರಿದ ತುಂಡುಗಳನ್ನು ಒಂದೊಂದಾಗಿ ಆರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. “ನಾ ನೋಡೇನಲ್ರೀ,” ಎಂದರು.

ಪ್ರಬಂಧ ಒಪ್ಪಿಸದೆಯೇ ಗಡುವು ದಾಟಿತು, ನೌಕರಿಯೂ ಹೋಯಿತು. ಆಮೇಲೆ ಹಾವೇರಿಯ ಕಡೆ ಗಂಟೆ ಲೆಕ್ಕದ ಪಾಠಕ್ಕೆ ಅಲೆದರು. ಸ್ಕೂಟರೂ ಹೋಯಿತು, ಬಸ್ಸಾಯಿತು. ಅವರನ್ನು ನಿಲ್ದಾಣದಲ್ಲಿ ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅವರ ಮೇಲೋ, ಲೋಕದ ಮೇಲೋ ಹೇಳಲಾರೆ.

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಮನೆಯ ಮುಂದೆ ಹಳೆಯ ವಿದ್ಯಾರ್ಥಿಗಳು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಪ್ರೀತಿಯಿಂದಲೇ ಇರಬೇಕು, ಹೆಸರಿಗೆ ‘ಡಾ.’ ಎಂದು ಸೇರಿಸಿದ್ದರು. ಅಳುತ್ತ ಕುಳಿತಿದ್ದ ಅವರ ಹೆಂಡತಿ ಅದನ್ನು ಕಂಡು ನನ್ನನ್ನು ಕರೆದರು.

“ಅದೊಂದು ಅಕ್ಷರ ಮುಚ್ಚಿಬಿಡವಾ. ಅವರು ನೋಡಿದ್ರ ಸುಮ್ನಿರತಿದ್ದಿಲ್ಲ.”

ಬಿಳಿ ಹಾಳೆ ಹರಿದು ಅಂಟಿಸಿದೆ. ನನ್ನ ಹೆಸರಿಗೆ ಆಗಲೇ ಆ ಅಕ್ಷರ ಬಂದಿತ್ತು. ಅವರು ಬಚ್ಚಿಡದೆ ತೋರಿಸಿದ ಆ ಮುರುಕು ತುಂಡುಗಳಿಂದಲೇ ನನ್ನ ಸಂಶೋಧನೆ ಶುರುವಾದದ್ದು. ಈಗಲೂ ಯಾರಾದರೂ ನನ್ನನ್ನು ಡಾಕ್ಟರ್ ಎಂದು ಕರೆದರೆ, ಅವರನ್ನೇ ಕರೆದರೇನೋ ಎಂದು ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ.